ಹಳೆಯ ಹಾರ್ಡ್ ಡಿಸ್ಕಿನಿಂದ ಹೊಸದಕ್ಕೆ: ಇಡೀ ಡಿಸ್ಕನ್ನು ಕ್ಲೋನ್ ಮಾಡಬೇಕೆ, ಕಡತಗಳನ್ನಷ್ಟೇ ನಕಲಿಸಬೇಕೆ?

ಪ್ರಶ್ನೆ (ಕಡತಗಳ ಕಂತೆ)

ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ 1 ಟಿಬಿ ಸಾಮರ್ಥ್ಯದ, 3.5 ಅಂಗುಲದ ಹಳೆಯ ಸಾಟಾ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಒಂದು ಬಗೆ) ಹಾರ್ಡ್ ಡಿಸ್ಕ್ ಇದೆ. ಅದರ ಸಿ ಡ್ರೈವಿನಲ್ಲಿ ವಿಂಡೋಸ್ 10 ಮತ್ತು ದಿನಬಳಕೆಯ ತಂತ್ರಾಂಶಗಳಿದ್ದು ಸುಮಾರು 110 ಜಿಬಿ ತುಂಬಿದೆ. ಡಿ ಡ್ರೈವಿನಲ್ಲಿ ಫೋಟೋ, ವಿಡಿಯೊ, ಬರಹ, ಹಳೆಯ ಇಮೇಲ್‌ಗಳ ಸಂಗ್ರಹ ಎಲ್ಲವೂ ಸೇರಿ 590 ಜಿಬಿಯಷ್ಟಿದೆ. ಇದರ ಜಾಗಕ್ಕೆಂದು 2 ಟಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದೆ ಚಿಪ್‌ಗಳಲ್ಲಿ ಶೇಖರಿಸುವ ಡಿಸ್ಕ್) ಒಂದನ್ನು ಕೊಂಡಿದ್ದೇನೆ.

ಎಸ್‌ಎಸ್‌ಡಿಯನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸಿ, ಡಿ ಡ್ರೈವಿನ ಫೋಲ್ಡರುಗಳನ್ನು ಕಾಪಿ-ಪೇಸ್ಟ್ ಮಾಡತೊಡಗಿದೆ. ಆರಂಭದಲ್ಲಿ ಸೆಕೆಂಡಿಗೆ 35 ಎಂಬಿ ವೇಗ ಕಾಣಿಸುತ್ತದೆ. ಕೆಲವು ಫೋಲ್ಡರುಗಳಿಗೆ ಬಂದಾಗ ವೇಗ ಸೊನ್ನೆಯ ಹತ್ತಿರಕ್ಕೆ ಇಳಿದು, ಇಡೀ ಕಂಪ್ಯೂಟರ್ ಸ್ತಬ್ಧವಾಗಿ, ಬಹಳ ಹೊತ್ತಿನ ಬಳಿಕ ಮತ್ತೆ ಮುಂದುವರಿಯುತ್ತದೆ. ಒಂದೆರಡು ಕಡೆ ಕಡತವನ್ನು ಓದಲಾಗುತ್ತಿಲ್ಲವೆಂಬ ಸಂದೇಶವೂ ಬಂದಿತು. ಹೀಗಿರುವಾಗ ಕ್ಲೋನ್ ಮಾಡುವ ತಂತ್ರಾಂಶದಿಂದ ಇಡೀ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದೋ, ವಿಂಡೋಸನ್ನು ಹೊಸದಾಗಿ ಹಾಕಿಕೊಂಡು ಕಡತಗಳನ್ನು ಮಾತ್ರ ತರುವುದು ಒಳ್ಳೆಯದೋ? ಕಡತಗಳನ್ನು ಮಾತ್ರ ತರುವುದಾದರೆ, ಎಲ್ಲವೂ ಸರಿಯಾಗಿ ಬಂದಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಡಿಸ್ಕಿನ ದೋಷವನ್ನು ಸರಿಪಡಿಸಲು ಮೊದಲು ವಿಂಡೋಸಿನ ಚೆಕ್‌ಡಿಸ್ಕ್ ಸಾಧನವನ್ನು ಓಡಿಸಬೇಕೆಂದು ಒಬ್ಬರು ಹೇಳಿದರು; ಅದು ಸರಿಯೇ? ಇನ್ನೊಂದು ಸಣ್ಣ ಸಂದೇಹ: 2 ಟಿಬಿ ಎಂದು ಬರೆದಿರುವ ಹೊಸ ಡಿಸ್ಕ್ ವಿಂಡೋಸಿನಲ್ಲಿ 1863 ಜಿಬಿ ಎಂದು ತೋರಿಸುತ್ತಿದೆ.

ಉತ್ತರ (ಸೆಕ್ಟರ್ ಕಾವಲು)

ಸಣ್ಣ ಸಂದೇಹವನ್ನು ಮೊದಲು ಮುಗಿಸುತ್ತೇನೆ. ತಯಾರಕರು 1 ಟಿಬಿ ಎಂದರೆ 10ರ ಹನ್ನೆರಡನೆಯ ಘಾತದಷ್ಟು ಬೈಟುಗಳೆಂದು ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಗುಣಕದಲ್ಲಿ ಲೆಕ್ಕ ಹಾಕಿ ಅದಕ್ಕೂ ಜಿಬಿ ಎಂದೇ ಹೆಸರು ಕೊಡುತ್ತದೆ. ನಿಮ್ಮ ಹಳೆಯ ಡಿಸ್ಕ್ 931 ಜಿಬಿ ಎಂದು ತೋರಿಸುತ್ತಿರುವುದೂ ಇದೇ ಕಾರಣಕ್ಕೆ. ಡಿಸ್ಕಿನಲ್ಲಿ ಏನೂ ಕಡಿಮೆಯಾಗಿಲ್ಲ.

ಇನ್ನು ಮುಖ್ಯ ವಿಷಯ. ಕ್ಲೋನೋ ಕಾಪಿಯೋ ಎಂಬುದು ಡಿಸ್ಕ್ ಆರೋಗ್ಯವಾಗಿರುವಾಗ ಕೇಳಬೇಕಾದ ಪ್ರಶ್ನೆ. ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ಕೆಲವು ಸೆಕ್ಟರುಗಳನ್ನು (ದತ್ತಾಂಶವನ್ನಿಡುವ ಅತಿಸಣ್ಣ ತುಣುಕುಗಳನ್ನು) ಓದಲು ಡಿಸ್ಕ್ ತಿಣುಕಾಡುತ್ತಿರುವಂತಿದೆ. ಓದಲಾಗದ ಜಾಗ ಬಂದಾಗ ಡಿಸ್ಕು ತಾನೇ ಹಲವು ಬಾರಿ ಪ್ರಯತ್ನಿಸುತ್ತದೆ, ಅದು ಕೈಚೆಲ್ಲಿದ ಮೇಲೆ ವಿಂಡೋಸ್ ಮತ್ತೆ ಕೇಳುತ್ತದೆ. ಕಂಪ್ಯೂಟರ್ ಸ್ತಬ್ಧವಾಗುವುದು ಈ ಹಗ್ಗಜಗ್ಗಾಟದಿಂದಲೇ. ಇಂತಹ ಸ್ಥಿತಿಯಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಸಾಗಿಸುವ ಆಲೋಚನೆಯನ್ನು ಬದಿಗಿಟ್ಟು, ಮತ್ತೆ ಎಲ್ಲಿಯೂ ಸಿಗದ ಕಡತಗಳು ಯಾವುವು ಎಂದು ಗುರುತಿಸಿ ಅವುಗಳನ್ನು ಮೊದಲು ಹೊರತೆಗೆಯಬೇಕು. ವಿಂಡೋಸನ್ನು ಯಾವಾಗ ಬೇಕಾದರೂ ಮತ್ತೆ ಹಾಕಿಕೊಳ್ಳಬಹುದು, ಚಲನಚಿತ್ರಗಳನ್ನೂ ಇನ್‌ಸ್ಟಾಲರ್‌ಗಳನ್ನೂ ಮತ್ತೆ ಪಡೆಯಬಹುದು. ನೀವೇ ತೆಗೆದ ಫೋಟೋ ಮತ್ತು ನೀವೇ ಬರೆದ ಬರಹಗಳು ಬೇರೆಲ್ಲಿಂದಲೂ ಬರುವುದಿಲ್ಲ.

ಚೆಕ್‌ಡಿಸ್ಕನ್ನು ದಯವಿಟ್ಟು ಓಡಿಸಬೇಡಿ. ಅದರ ಕೆಲಸ ಫೈಲ್ ಸಿಸ್ಟಮಿನ (ಯಾವ ಕಡತ ಡಿಸ್ಕಿನಲ್ಲಿ ಎಲ್ಲಿದೆಯೆಂದು ನೋಡಿಕೊಳ್ಳುವ ವ್ಯವಸ್ಥೆಯ) ಲೆಕ್ಕಪತ್ರವನ್ನು ಸುಸಂಬದ್ಧಗೊಳಿಸುವುದೇ ಹೊರತು ನಿಮ್ಮ ಕಡತಗಳನ್ನು ಉಳಿಸುವುದಲ್ಲ. ದುರಸ್ತಿಯ ಆಯ್ಕೆಯೊಂದಿಗೆ ಓಡಿಸಿದಾಗ ಅದು ಹಳೆಯ ಡಿಸ್ಕಿನ ಮೇಲೆಯೇ ಬರೆಯುತ್ತದೆ, ಹೊಂದಿಕೆಯಾಗದ ನಮೂದುಗಳನ್ನು ಕತ್ತರಿಸಿ ಹಾಕುತ್ತದೆ. ಇಡೀ ಮೇಲ್ಮೈಯನ್ನು ಪರಿಶೀಲಿಸುವ 'ಆರ್' ಆಯ್ಕೆ ಕೊಟ್ಟರಂತೂ ದುರ್ಬಲ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ. ಕಡತಗಳು ಸುರಕ್ಷಿತವಾಗಿ ಹೊರಬರುವ ತನಕ ಹಳೆಯ ಡಿಸ್ಕಿನಿಂದ ಓದುವುದು ಮಾತ್ರ ನಡೆಯಲಿ, ಅದರ ಮೇಲೆ ಏನನ್ನೂ ಬರೆಯುವುದು ಬೇಡ. ನಡುವೆ ವಿಂಡೋಸ್ ಎಂದಾದರೂ ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ ಅಥವಾ ಇನಿಶಿಯಲೈಸ್ ಮಾಡಬೇಕೆ ಎಂದು ಕೇಳಿದರೆ ಬೇಡವೆಂದೇ ಒತ್ತಬೇಕು. ಇನಿಶಿಯಲೈಸ್ ಮಾಡಬೇಕಾದದ್ದು ಹೊಸ ಡಿಸ್ಕನ್ನು ಮಾತ್ರ, ಅದಕ್ಕೆ ಜಿಪಿಟಿ (ಡಿಸ್ಕಿನ ವಿಭಾಗಗಳ ಪಟ್ಟಿಯನ್ನು ಬರೆದಿಡುವ ಹೊಸ ಪದ್ಧತಿ) ಆಯ್ಕೆಯನ್ನು ಕೊಡಿ.

ಸೆಕೆಂಡಿಗೆ 35 ಎಂಬಿ ಎಂಬುದು ಯುಎಸ್‌ಬಿ 2.0 ಕಿಂಡಿಯ ಗುರುತು. ಆ ವೇಗದಲ್ಲಿ 700 ಜಿಬಿ ಸಾಗಿಸಲು ಯಾವ ಅಡ್ಡಿಯೂ ಇಲ್ಲದಿದ್ದರೂ ಐದೂವರೆ ಗಂಟೆಗೂ ಹೆಚ್ಚು ಬೇಕು. ನಿಮ್ಮದು ಡೆಸ್ಕ್‌ಟಾಪ್ ಆದ್ದರಿಂದ ಎಸ್‌ಎಸ್‌ಡಿಯನ್ನು ಮದರ್‌ಬೋರ್ಡಿನ ಇನ್ನೊಂದು ಸಾಟಾ ಕಿಂಡಿಗೇ ನೇರವಾಗಿ ಜೋಡಿಸಿ. ಹಳೆಯ ಡಿಸ್ಕ್ ಆರೋಗ್ಯವಾಗಿದ್ದಲ್ಲಿ ದೊಡ್ಡ ಕಡತಗಳು ಸೆಕೆಂಡಿಗೆ 100 ಎಂಬಿಗೂ ಹೆಚ್ಚು ವೇಗದಲ್ಲಿ ಬರುತ್ತವೆ. ಸಣ್ಣ ಕಡತಗಳ ರಾಶಿ ಮಾತ್ರ ಯಾವಾಗಲೂ ನಿಧಾನ, ಏಕೆಂದರೆ ಪ್ರತಿ ಕಡತಕ್ಕೂ ಡಿಸ್ಕಿನ ಹೆಡ್ (ಓದುವ-ಬರೆಯುವ ತಲೆ) ಜಾಗ ಹುಡುಕಿಕೊಂಡು ಓಡಾಡಬೇಕಾಗುತ್ತದೆ.

ಮುಂದೇನು ಮಾಡಬೇಕೆಂದು ಹೇಳುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ಡಿಸ್ಕಿನ ಸ್ಮಾರ್ಟ್ ವರದಿಯನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವನ್ನು) ನೋಡಿ, 05, 09, ಸಿ5, ಸಿ6 ಮತ್ತು ಸಿ7 ಸಾಲುಗಳಲ್ಲಿ ಕೊನೆಯ ಅಂಕಣದಲ್ಲಿರುವ ಸಂಖ್ಯೆಗಳನ್ನು ಇಲ್ಲಿ ತಿಳಿಸಿ. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮಾತ್ರ ಈ ಯಾವುದನ್ನೂ ಮಾಡದೆ ಕೂಡಲೇ ವಿದ್ಯುತ್ ಕಡಿತಗೊಳಿಸಿ. ಅದು ಹೆಡ್‌ಗಳಿಗೆ ಸಂಬಂಧಿಸಿದ ತೊಂದರೆಯಾಗಿರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಕುಳಿತು ಮಾಡುವ ಪ್ರತಿಯೊಂದು ಪ್ರಯತ್ನವೂ ಪರಿಣತರು ಉಳಿಸಬಹುದಾದದ್ದನ್ನು ಕಡಿಮೆ ಮಾಡುತ್ತದೆ.

ಉತ್ತರ (ಹಳೆಯ ಕೀಲಿಮಣೆ)

ಮೇಲಿನ ಉತ್ತರದಲ್ಲಿ ಕ್ಲೋನ್ ಬಗ್ಗೆ ತುಸು ಉಪೇಕ್ಷೆ ಕಾಣಿಸಿತು. ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಕ್ಲೋನಿಗಿಂತ ಸುಲಭವಾದ ದಾರಿ ಇಲ್ಲ. ತಂತ್ರಾಂಶಗಳು, ಅವುಗಳ ಸೆಟ್ಟಿಂಗುಗಳು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಎಲ್ಲವೂ ಇದ್ದಲ್ಲೇ ಇರುತ್ತವೆ. ಆದರೆ ನಿಮ್ಮಂತೆ ಓದುವ ದೋಷವಿರುವ ಡಿಸ್ಕಿನಲ್ಲಿ ಸಾಮಾನ್ಯ ಕ್ಲೋನ್ ತಂತ್ರಾಂಶಗಳು ಮೊದಲ ಕೆಟ್ಟ ಸೆಕ್ಟರಿನಲ್ಲೇ ನಿಂತುಬಿಡಬಹುದು ಎಂಬುದನ್ನು ಒಪ್ಪುತ್ತೇನೆ. ಕ್ಲೋನ್‌ಜಿಲ್ಲಾ ಎಂಬ ಕ್ಲೋನ್ ತಂತ್ರಾಂಶದಲ್ಲಿ ದೋಷವನ್ನು ದಾಟಿ ಮುಂದುವರಿಯಲು 'ರೆಸ್ಕ್ಯೂ' ಎಂಬ ಆಯ್ಕೆ ಇದೆ, ಅದನ್ನು ನಾವೇ ಆರಿಸಿಕೊಳ್ಳಬೇಕು.

ಇದನ್ನು ಓದುವ, ಆರೋಗ್ಯವಂತ ಡಿಸ್ಕ್ ಇರುವ ಇತರರಿಗೂ ಉಪಯೋಗವಾಗಲೆಂದು ಕ್ಲೋನಿನಲ್ಲಿ ಸಾಮಾನ್ಯವಾಗಿ ಎಡವುವ ಜಾಗಗಳನ್ನು ಬರೆಯುತ್ತೇನೆ. ಕ್ಲೋನ್ ಮುಗಿದ ಬಳಿಕ ಎರಡೂ ಡಿಸ್ಕುಗಳಿಗೆ ಒಂದೇ ಗುರುತಿನ ಸಂಖ್ಯೆ ಇರುವುದರಿಂದ, ಎರಡನ್ನೂ ಜೋಡಿಸಿಟ್ಟುಕೊಂಡು ಕಂಪ್ಯೂಟರನ್ನು ಆರಂಭಿಸಿದರೆ ವಿಂಡೋಸ್ ಅವುಗಳಲ್ಲಿ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ, ಅಥವಾ ಹೊಸದರಿಂದ ಆರಂಭವಾಯಿತೆಂದು ನಾವು ಭಾವಿಸಿದ್ದು ಹಳೆಯದರಿಂದಲೇ ಆರಂಭವಾಗಿರುತ್ತದೆ. ಆದ್ದರಿಂದ ಮೊದಲ ಬಾರಿ ಹೊಸ ಡಿಸ್ಕಿನಿಂದ ಬೂಟ್ ಮಾಡುವಾಗ ಹಳೆಯದರ ಕೇಬಲನ್ನು ಕಳಚಿಟ್ಟಿರಬೇಕು. ಹಳೆಯ ಡಿಸ್ಕ್ ಎಂಬಿಆರ್ ಎಂಬ, ಜಿಪಿಟಿಗಿಂತ ಹಿಂದಿನ ಪದ್ಧತಿಯಲ್ಲಿದ್ದರೆ ಕ್ಲೋನ್ ಕೂಡ ಎಂಬಿಆರ್ ಆಗಿಯೇ ಬರುತ್ತದೆ. 512 ಬೈಟಿನ ಸೆಕ್ಟರುಗಳಲ್ಲಿ ಎಂಬಿಆರ್ ಸುಮಾರು 2.2 ಲಕ್ಷ ಕೋಟಿ ಬೈಟುಗಳವರೆಗೆ ಮಾತ್ರ ಎಣಿಸಬಲ್ಲದು. 2 ಟಿಬಿಯ ಡಿಸ್ಕ್ ಈ ಮಿತಿಯೊಳಗೆ ಬರುತ್ತದೆ, 4 ಟಿಬಿಯದ್ದಾದರೆ ಅರ್ಧ ಜಾಗ ನಿರುಪಯುಕ್ತವಾಗುತ್ತದೆ. ವಿಂಡೋಸ್ 10ರ 1703ನೆಯ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ವ್ಯವಸ್ಥೆಯೊಳಗೇ ಇದ್ದು, ಕಡತಗಳನ್ನು ಅಳಿಸದೆ ಪರಿವರ್ತಿಸಿಕೊಡುತ್ತದೆ. ಆಮೇಲೆ ಫರ್ಮ್‌ವೇರಿನಲ್ಲಿ (ಕಂಪ್ಯೂಟರನ್ನು ಆರಂಭಿಸುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶದಲ್ಲಿ) ಯುಇಎಫ್‌ಐ ಎಂಬ ಹೊಸ ರೀತಿಗೆ ಬದಲಾಯಿಸುವುದನ್ನು ಮರೆತರೆ ಕಂಪ್ಯೂಟರ್ ಆರಂಭವೇ ಆಗುವುದಿಲ್ಲ. ಇನ್ನು ಹೊಸ ಡಿಸ್ಕಿನ ಹೆಚ್ಚುವರಿ ಜಾಗವನ್ನು ಸಿ ಡ್ರೈವಿಗೆ ಸೇರಿಸಲು ಹೋದಾಗ ಮಧ್ಯದಲ್ಲಿ ಡಿ ಡ್ರೈವೋ ರಿಕವರಿ ವಿಭಾಗವೋ ಅಡ್ಡ ನಿಂತಿರುತ್ತದೆ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಸರಿಸಲಾರದು. ಅದಕ್ಕೆ ಬೇರೆ ಪಾರ್ಟಿಶನ್ ತಂತ್ರಾಂಶ ಬೇಕಾಗುತ್ತದೆ.

ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ ಏನೇ ಮಾಡುವ ಮುಂಚೆ 48 ಅಂಕಿಗಳ ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳಿ. ಮದರ್‌ಬೋರ್ಡ್ ಅದೇ ಇರುವವರೆಗೆ, ಡಿಸ್ಕ್ ಒಂದನ್ನೇ ಬದಲಾಯಿಸಿದ್ದರಿಂದ ವಿಂಡೋಸಿನ ಡಿಜಿಟಲ್ ಪರವಾನಗಿ ಹೋಗುವುದಿಲ್ಲ.

ಮರುನುಡಿ (ಕಡತಗಳ ಕಂತೆ)

ಇಬ್ಬರಿಗೂ ಧನ್ಯವಾದಗಳು. ಡಿಸ್ಕಿನಿಂದ ಅಸಹಜ ಸದ್ದೇನೂ ಬರುತ್ತಿಲ್ಲ. ಎಸ್‌ಎಸ್‌ಡಿಯನ್ನು ಸಾಟಾ ಕಿಂಡಿಗೆ ಜೋಡಿಸಿದ್ದೇನೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳೆಯ ಡಿಸ್ಕಿಗೆ ಹಳದಿ ಬಣ್ಣದಲ್ಲಿ 'ಎಚ್ಚರಿಕೆ' ಎಂದು ತೋರಿಸುತ್ತಿದೆ. ಮುಂದಿರುವ ಸೊನ್ನೆಗಳನ್ನು ಬಿಟ್ಟು ಬರೆಯುವುದಾದರೆ, 05ರಲ್ಲಿ 0, 09ರಲ್ಲಿ 5120, ಸಿ5ರಲ್ಲಿ 18, ಸಿ6ರಲ್ಲಿ 0, ಸಿ7ರಲ್ಲಿ 312 ಎಂದಿದೆ. ಐದು ಸಾವಿರ ಗಂಟೆ ಓಡಿದ ಡಿಸ್ಕು ಇಷ್ಟು ಬೇಗ ಕೆಡುತ್ತದೆಯೇ? ಬಿಟ್‌ಲಾಕರ್ ಬಳಸುತ್ತಿಲ್ಲ. ಫೋಟೋ ಮತ್ತು ಬರಹಗಳ ಫೋಲ್ಡರುಗಳು ಒಟ್ಟಾರೆ 240 ಜಿಬಿಯಷ್ಟಿದ್ದು, ಅವು ಬಿಟ್ಟರೆ ಉಳಿದದ್ದೆಲ್ಲ ಹೋದರೂ ಬದುಕಬಹುದು, ಆದರೆ ಸಾಧ್ಯವಾದಷ್ಟು ಉಳಿದರೆ ಸಂತೋಷ.

ಉತ್ತರ (ಸೆಕ್ಟರ್ ಕಾವಲು)

ಆ ತಂತ್ರಾಂಶವು ಕೊನೆಯ ಅಂಕಣದ ಸಂಖ್ಯೆಗಳನ್ನು, ನಾವಾಗಿ ಬದಲಾಯಿಸದ ಹೊರತು, ಹದಿನಾರರ ಮೂಲಮಾನದಲ್ಲಿ (ಹತ್ತರ ಬದಲು ಹದಿನಾರರ ಗುಂಪುಗಳಲ್ಲಿ ಎಣಿಸುವ ರೀತಿಯಲ್ಲಿ) ತೋರಿಸುತ್ತದೆ. ಹಾಗಾಗಿ ಡಿಸ್ಕ್ ಓಡಿದ ಗಂಟೆಗಳನ್ನು ಹೇಳುವ 09ನೆಯ ಸಾಲಿನ ನಿಮ್ಮ 5120 ಎಂಬುದು 20,768 ಗಂಟೆಗಳು. ಎಡೆಬಿಡದೆ ಓಡಿದ್ದರೆ ಎರಡು ವರ್ಷಕ್ಕೂ ಹೆಚ್ಚು. ಸಿ5ರ 18 ಎಂದರೆ 24, ಸಿ7ರ 312 ಎಂದರೆ 786.

ಸಿ7 ಕೇಬಲಿಗೆ ಸಂಬಂಧಿಸಿದ್ದು. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ದತ್ತಾಂಶ ಸಾಗುವಾಗ ತಪ್ಪಾಗಿ ತಲಪಿ ಮತ್ತೆ ಕಳುಹಿಸಬೇಕಾಗಿ ಬಂದ ಸಂದರ್ಭಗಳ ಎಣಿಕೆ ಅದು. ಸಡಿಲವಾದ ಅಥವಾ ಹಳತಾದ ಸಾಟಾ ಕೇಬಲನ್ನು ಬದಲಾಯಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಈ ಎಣಿಕೆ ಕೆಳಗಿಳಿಯುವುದಿಲ್ಲವಾದ್ದರಿಂದ 786 ಎಂಬ ಸಂಖ್ಯೆಯನ್ನು ನೋಡಿ ಗಾಬರಿಯಾಗದೆ, ಕೇಬಲ್ ಬದಲಾಯಿಸಿದ ಬಳಿಕ ಅದು ಏರುತ್ತಿದೆಯೇ ಎಂಬುದನ್ನಷ್ಟೇ ಗಮನಿಸಿ.

ಚಿಂತಿಸಬೇಕಾದದ್ದು ಸಿ5. ಓದಲಾಗದೆ ಹೋದ, ಆದರೆ ಇನ್ನೂ ಬದಲಿ ಜಾಗಕ್ಕೆ ವರ್ಗಾವಣೆಯಾಗದ ಸೆಕ್ಟರುಗಳು 24 ಇವೆ. ಡಿಸ್ಕು ಅವುಗಳನ್ನು ತಕ್ಷಣ ಬದಲಾಯಿಸುವುದಿಲ್ಲ, ಏಕೆಂದರೆ ಅಲ್ಲಿದ್ದ ದತ್ತಾಂಶ ಏನೆಂದು ಅದಕ್ಕೇ ತಿಳಿದಿಲ್ಲ. ಆ ಜಾಗದ ಮೇಲೆ ಹೊಸದಾಗಿ ಬರೆದಾಗಲಷ್ಟೇ ಬದಲಿ ಸೆಕ್ಟರನ್ನು ಕೊಡುತ್ತದೆ. ಬದಲಾಯಿಸಿದ ಸೆಕ್ಟರುಗಳನ್ನು ಎಣಿಸುವ ನಿಮ್ಮ 05ನೆಯ ಸಾಲಿನಲ್ಲಿ ಇನ್ನೂ ಸೊನ್ನೆ ಇರುವುದು ಇದಕ್ಕೇ. ಒಳಗೆ 4096 ಬೈಟಿನ ಸೆಕ್ಟರುಗಳಿದ್ದು ಹೊರಗೆ 512 ಬೈಟಿನಂತೆ ನಟಿಸುವ ಡಿಸ್ಕುಗಳಲ್ಲಿ ಈ ಎಣಿಕೆ ಅನೇಕ ವೇಳೆ ಎಂಟರ ಗುಣಕದಲ್ಲಿ ಏರುತ್ತದೆ, ಆದ್ದರಿಂದ ನಿಜವಾಗಿ ಕೆಟ್ಟಿರುವುದು ಮೂರೇ ಜಾಗಗಳಿರಬಹುದು. ಇದು ಕೈಮೀರಿದ ಸ್ಥಿತಿಯಲ್ಲ. ಆದರೆ ಇಡೀ ಡಿಸ್ಕನ್ನು ಇನ್ನೂ ಓದಿಲ್ಲವಾದ್ದರಿಂದ ಓದುತ್ತಾ ಹೋದಂತೆ ಸಂಖ್ಯೆ ಹೆಚ್ಚುವ ಸಾಧ್ಯತೆಯೂ ಇದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಕೇಬಲ್ ಬದಲಾಯಿಸಿ, ಲಿನಕ್ಸಿನ ಲೈವ್ ಯುಎಸ್‌ಬಿಯಿಂದ (ಡಿಸ್ಕಿನಲ್ಲಿ ಸ್ಥಾಪಿಸದೆ ಪೆನ್‌ಡ್ರೈವಿನಿಂದಲೇ ಓಡುವ ವ್ಯವಸ್ಥೆಯಿಂದ) ಕಂಪ್ಯೂಟರನ್ನು ಆರಂಭಿಸುತ್ತಿದ್ದೆ. ಹಳೆಯ ಡಿಸ್ಕಿನಿಂದಲೇ ವಿಂಡೋಸನ್ನು ಓಡಿಸುತ್ತಾ ಅದೇ ಡಿಸ್ಕಿನಿಂದ ಕಾಪಿ ಮಾಡುವುದೆಂದರೆ ಲಾಗ್, ಪೇಜ್‌ಫೈಲ್, ನವೀಕರಣ ಇವೆಲ್ಲ ಹಿನ್ನೆಲೆಯಲ್ಲಿ ಅದರ ಮೇಲೆ ಬರೆಯುತ್ತಲೇ ಇರುತ್ತವೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಅದು ಪೂರ್ತಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಲಿನಕ್ಸಿನಲ್ಲಿ ಹಳೆಯ ಡಿ ಡ್ರೈವನ್ನು ಓದಲು ಮಾತ್ರ ಎಂಬ ರೀತಿಯಲ್ಲಿ ಮೌಂಟ್ ಮಾಡಿ (ತೆರೆದುಕೊಂಡು), ಆ 240 ಜಿಬಿಯನ್ನು ಮೊದಲು ಎಸ್‌ಎಸ್‌ಡಿಗೆ ನಕಲಿಸಿಕೊಳ್ಳಿ. ಒಂದು ಫೋಲ್ಡರ್ ತಡೆದು ನಿಲ್ಲಿಸಿದರೆ ಅದರೊಂದಿಗೆ ಹಟಕ್ಕೆ ಬೀಳದೆ ಬಿಟ್ಟು ಮುಂದಿನದಕ್ಕೆ ಹೋಗಿ.

ಅದಾದ ಮೇಲೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಪ್ರತಿಬಿಂಬವನ್ನು ಒಂದೇ ದೊಡ್ಡ ಇಮೇಜ್ ಕಡತವಾಗಿ ತೆಗೆದುಕೊಳ್ಳಿ. ಸಾಧಾರಣ ಕಾಪಿಯು ಅಡ್ಡಿ ಬಂದಲ್ಲಿ ನಿಂತು ಗುದ್ದಾಡಿದರೆ, ಡಿಡಿರೆಸ್ಕ್ಯೂ ಅಡ್ಡಿಯನ್ನು ದಾಟಿ ಚೆನ್ನಾಗಿರುವ ಜಾಗಗಳನ್ನೆಲ್ಲ ಮೊದಲು ಓದಿ ಮುಗಿಸುತ್ತದೆ. ಕಷ್ಟದ ಜಾಗಗಳಿಗೆ ಆಮೇಲೆ ಹಿಂದಿರುಗಿ, ಅಂಚುಗಳಿಂದ ಒಳಕ್ಕೆ ಕತ್ತರಿಸುತ್ತಾ ಸಿಕ್ಕಷ್ಟನ್ನು ಕೆರೆದುಕೊಳ್ಳುತ್ತದೆ. ಎಲ್ಲಿಯವರೆಗೆ ಓದಿಯಾಯಿತು, ಎಲ್ಲೆಲ್ಲಿ ಸೋತಿತು ಎಂಬುದನ್ನು ಅದು ಮ್ಯಾಪ್ ಕಡತದಲ್ಲಿ ಬರೆದುಕೊಳ್ಳುವುದರಿಂದ ನಡುವೆ ವಿದ್ಯುತ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಈ ಮ್ಯಾಪ್ ಕಡತವನ್ನು ಲೈವ್ ವ್ಯವಸ್ಥೆಯ ಡೆಸ್ಕ್‌ಟಾಪಿನಲ್ಲಿ ಇಟ್ಟರೆ ಕಂಪ್ಯೂಟರ್ ಆರಿದಾಗ ಅದೂ ಮಾಯವಾಗುತ್ತದೆ. ಎಸ್‌ಎಸ್‌ಡಿಯಲ್ಲೋ ಪೆನ್‌ಡ್ರೈವಿನಲ್ಲೋ ಇಡಿ. ಮೊದಲ ಸುತ್ತಿಗೆ 'ಎನ್' ಆಯ್ಕೆ ಕೊಟ್ಟರೆ ಕೆರೆಯುವ ಹಂತವನ್ನು ಬಿಟ್ಟು ಬೇಗ ಮುಗಿಸುತ್ತದೆ, ಎರಡನೆಯ ಸುತ್ತಿನಲ್ಲಿ ಅದನ್ನು ತೆಗೆದು 'ಆರ್3' ಎಂದು ಕೊಟ್ಟರೆ ಉಳಿದ ಸೆಕ್ಟರುಗಳನ್ನು ಇನ್ನೂ ಮೂರು ಬಾರಿ ಪ್ರಯತ್ನಿಸುತ್ತದೆ.

ಇಲ್ಲಿ ಅಪಾಯ ಇರುವುದು ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಅದಲುಬದಲು ಮಾಡುವುದರಲ್ಲಿ. ಲಿನಕ್ಸಿನಲ್ಲಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಪ್ರತಿ ಬಾರಿ ಆರಂಭಿಸಿದಾಗಲೂ ಒಂದೇ ಆಗಿರುತ್ತವೆಂಬ ಖಾತರಿಯಿಲ್ಲ. ಸಾಮರ್ಥ್ಯ ಮತ್ತು ಸೀರಿಯಲ್ ಸಂಖ್ಯೆಗಳನ್ನು ನೋಡಿಯೇ ಆದೇಶವನ್ನು ಬರೆಯಬೇಕು. ನಿಮ್ಮದು 1 ಟಿಬಿ ಮತ್ತು 2 ಟಿಬಿ ಆಗಿರುವುದು ಒಂದು ಅನುಕೂಲ.

ಜಾಗದ ಲೆಕ್ಕವೂ ಹೊಂದುತ್ತದೆ. ಹೊಸ ವಿಂಡೋಸಿಗೆಂದು 300 ಜಿಬಿಯನ್ನು ಖಾಲಿ ಬಿಟ್ಟರೆ ಉಳಿಯುವ 1563 ಜಿಬಿಯಲ್ಲಿ 931 ಜಿಬಿಯ ಇಮೇಜು, ಡಿ ಡ್ರೈವಿನ 590 ಜಿಬಿ ಕಡತಗಳು, ಎರಡೂ ಹಿಡಿಯುತ್ತವೆ, ತುಸು ಇಕ್ಕಟ್ಟಾದರೂ ಸರಿಯೇ. ಬೇರೊಂದು ಖಾಲಿ ಡಿಸ್ಕ್ ಕೈಗೆ ಸಿಗುವುದಾದರೆ ಇಮೇಜನ್ನು ಅದರಲ್ಲಿಡುವುದು ಇನ್ನೂ ಮೇಲು. ಇಮೇಜ್ ಸಿದ್ಧವಾದ ಮೇಲೆ ಹಳೆಯ ಡಿಸ್ಕಿನ ಕೇಬಲ್ ಕಳಚಿ ಪಕ್ಕಕ್ಕಿಡಿ. ಇಮೇಜನ್ನು ಓದಲು ಮಾತ್ರ ಎಂಬಂತೆ ಮೌಂಟ್ ಮಾಡಿ ಉಳಿದ ಕಡತಗಳನ್ನು ಅದರಿಂದಲೇ ಹೊರತೆಗೆಯಿರಿ.

ಕ್ಲೋನ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಕೆಟ್ಟ ಸೆಕ್ಟರುಗಳು ಸಿ ಡ್ರೈವಿನಲ್ಲಿದ್ದರೆ ಆ ವಿಂಡೋಸನ್ನು ನಂಬುವಂತಿಲ್ಲ. ಜೊತೆಗೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವೂ ಮುಗಿದಿದೆ. ಹೊಸ ಡಿಸ್ಕಿಗೆ ಹೊಸ ವ್ಯವಸ್ಥೆಯೇ ಇರಲಿ.

ಉತ್ತರ (ಸೊನ್ನೆ ಒಂದು)

ಎಲ್ಲವೂ ಸರಿಯಾಗಿ ಬಂದಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಅದನ್ನು ನಾನು ತೆಗೆದುಕೊಳ್ಳುತ್ತೇನೆ.

ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಗಾತ್ರವನ್ನು ಹೋಲಿಸುವುದು ಮೊದಲ ಹೆಜ್ಜೆಯಷ್ಟೇ. ಹೋಲಿಸುವಾಗ ಕಡತಗಳ ಸಂಖ್ಯೆಯನ್ನೂ ಬೈಟುಗಳಲ್ಲಿರುವ 'ಸೈಜ್' ಎಂಬುದನ್ನೂ ನೋಡಬೇಕು. 'ಸೈಜ್ ಆನ್ ಡಿಸ್ಕ್' ಎಂಬುದು ಕ್ಲಸ್ಟರ್ (ಕಡತಗಳಿಗೆ ಜಾಗ ಹಂಚುವ ಕನಿಷ್ಠ ಘಟಕ) ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಇಡೀ ಡ್ರೈವನ್ನು ಹೋಲಿಸಿದರೆ ಮರುಬಳಕೆ ಬುಟ್ಟಿ, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಮೊದಲಾದ ಅಡಗಿದ ಫೋಲ್ಡರುಗಳಿಂದಾಗಿ ಲೆಕ್ಕ ಎಂದಿಗೂ ತಾಳೆಯಾಗುವುದಿಲ್ಲ, ಆದ್ದರಿಂದ ಒಂದೊಂದೇ ಫೋಲ್ಡರನ್ನು ಹೋಲಿಸಿ. ಗಾತ್ರ ಸರಿಯಿದ್ದು ಒಳಗಿನ ವಿಷಯ ಕೆಟ್ಟಿರುವುದು ಸಾಧ್ಯವಿದೆ, ಡಿಡಿರೆಸ್ಕ್ಯೂ ಇಮೇಜಿನಿಂದ ತೆಗೆದ ಕಡತಗಳಲ್ಲಂತೂ ಅದೇ ಆಗುತ್ತದೆ. ಓದಲಾಗದ ಜಾಗವು ಸೊನ್ನೆಗಳಾಗಿ ಉಳಿದು ಕಡತದ ಉದ್ದ ಮಾತ್ರ ಮೊದಲಿನಷ್ಟೇ ಇರುತ್ತದೆ.

ಎರಡನೆಯ ಹೆಜ್ಜೆ ಹ್ಯಾಶ್ (ಕಡತದ ವಿಷಯದಿಂದ ಲೆಕ್ಕ ಹಾಕಿದ, ಬೆರಳಚ್ಚಿನಂತಹ ಸಂಕೇತ) ಹೋಲಿಕೆ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಲೆಕ್ಕ ಹಾಕಿ ಪಟ್ಟಿ ಮಾಡಿ, ನಕಲಿನ ಪಟ್ಟಿಯೊಂದಿಗೆ ಹೋಲಿಸಬಹುದು; ಕಡತಗಳನ್ನು ನಕಲಿಸಿ ಹೊಂದಿಸುವ ತಂತ್ರಾಂಶಗಳಲ್ಲಿ ಆರ್‌ಸಿಂಕ್‌ನ 'ಸಿ' ಆಯ್ಕೆ ತನ್ನದೇ ಚೆಕ್‌ಸಮ್ ಬಳಸಿ, ಫ್ರೀಫೈಲ್‌ಸಿಂಕ್‌ನ ವಿಷಯಾಧಾರಿತ ಹೋಲಿಕೆ ಬೈಟಿಗೆ ಬೈಟು ನೋಡಿ ಇದೇ ಉದ್ದೇಶವನ್ನು ಪೂರೈಸುತ್ತವೆ. ಆದರೆ ನಿಮ್ಮ ಸಂದರ್ಭದಲ್ಲಿ ಹಳೆಯ ಡಿಸ್ಕನ್ನೇ ಮತ್ತೆ ಪೂರ್ತಿ ಓದಿಸಿ ಹೋಲಿಸುವುದು ದಣಿದವರನ್ನು ಮತ್ತೆ ಬೆಟ್ಟ ಹತ್ತಿಸಿದಂತೆ. ಹೋಲಿಕೆಯನ್ನು ಇಮೇಜಿನೊಂದಿಗೆ ಮಾಡಿ. ಕಾಪಿ ಮುಗಿದ ಕೂಡಲೇ ಪರಿಶೀಲಿಸಿದರೆ ಕಂಪ್ಯೂಟರು ಕಡತವನ್ನು ಡಿಸ್ಕಿನಿಂದ ಓದದೆ ತನ್ನ ನೆನಪಿನಿಂದಲೇ ಒಪ್ಪಿಸುವುದುಂಟು, ಆದ್ದರಿಂದ ಒಮ್ಮೆ ಮರುಪ್ರಾರಂಭಿಸಿ ಆಮೇಲೆ ಹೋಲಿಸುವುದು ಲೇಸು.

ಇಮೇಜಿನಲ್ಲೇ ಸೊನ್ನೆಗಳಾಗಿರುವ ಕಡತಗಳನ್ನು ಹ್ಯಾಶ್ ಪತ್ತೆ ಮಾಡದು, ಎರಡೂ ಕಡೆ ಒಂದೇ ತೆರನಾಗಿ ಕೆಟ್ಟಿರುತ್ತವೆ. ಅದಕ್ಕೆ ಡಿಡಿರೆಸ್ಕ್ಯೂನ 'ಫಿಲ್' ವಿಧಾನವಿದೆ. ಮ್ಯಾಪ್ ಕಡತದಲ್ಲಿ ಕೆಟ್ಟದ್ದೆಂದು ಗುರುತಿಸಿರುವ ಜಾಗಗಳನ್ನು ನಾವು ಕೊಟ್ಟ ಒಂದು ಗುರುತಿನ ಪದದಿಂದ ತುಂಬಿಸಿ, ಬಳಿಕ ಎಲ್ಲ ಕಡತಗಳಲ್ಲಿ ಆ ಪದವನ್ನು ಹುಡುಕಿದರೆ ಯಾವ ಯಾವ ಕಡತಗಳಿಗೆ ಹಾನಿಯಾಗಿದೆಯೆಂಬ ಪಟ್ಟಿ ಸಿಗುತ್ತದೆ. ಇದನ್ನು ಇಮೇಜಿನ ಮೇಲೆ ಮಾತ್ರ ಮಾಡಬೇಕು, ಅಪ್ಪಿತಪ್ಪಿಯೂ ಮೂಲ ಡಿಸ್ಕಿನ ಮೇಲಲ್ಲ.

ಆರೋಗ್ಯವಂತ ಡಿಸ್ಕಿನಿಂದ ವಿಂಡೋಸಿನಲ್ಲೇ ನಕಲಿಸುವವರಿಗೆ ಅದರ ರೋಬೊಕಾಪಿ ಎಂಬ ಆದೇಶ ಒಳ್ಳೆಯದು. ಎಕ್ಸ್‌ಪ್ಲೋರರಿನ ಕಾಪಿ-ಪೇಸ್ಟ್ ಕಡತ ಬದಲಾದ ದಿನಾಂಕವನ್ನು ಉಳಿಸಿದರೂ ಸೃಷ್ಟಿಯಾದ ದಿನಾಂಕವನ್ನು ಇಂದಿನದಾಗಿಸುತ್ತದೆ. 'ಹಳೆಯ ಡಿಸ್ಕ್' ಎಂಬ ಹೊಸ ಫೋಲ್ಡರಿನೊಳಗೆ ಎಲ್ಲವನ್ನೂ ಸುರಿದಾಗ ವಿಳಾಸ 260 ಅಕ್ಷರಗಳ ಮಿತಿಯನ್ನು ದಾಟಿ ಕೆಲವು ಕಡತಗಳು ಹೊರಗುಳಿಯುತ್ತವೆ. ರೋಬೊಕಾಪಿಗೆ ಈ ತೊಡಕುಗಳಿಲ್ಲ. ಅದರ ಎರಡು ಗುಣಗಳನ್ನು ಮಾತ್ರ ತಿಳಿದಿರಬೇಕು. ಏನೂ ಹೇಳದಿದ್ದರೆ ಅದು ಓದಲಾಗದ ಕಡತವನ್ನು ಹತ್ತು ಲಕ್ಷ ಬಾರಿ, ಪ್ರತಿ ಬಾರಿಯೂ 30 ಸೆಕೆಂಡು ಕಾದು, ಪ್ರಯತ್ನಿಸುತ್ತದೆ. ಅಂದರೆ ಒಂದೇ ಕಡತದ ಮುಂದೆ ಹೆಚ್ಚುಕಡಿಮೆ ಒಂದು ವರ್ಷ ಕುಳಿತಿರಲು ಅದು ಸಿದ್ಧ. 'ಆರ್' ಮತ್ತು 'ಡಬ್ಲ್ಯು' ಆಯ್ಕೆಗಳಿಗೆ 1 ಎಂದು ಕೊಡಿ. 'ಎಂಐಆರ್' ಆಯ್ಕೆಯು ಗುರಿಯ ಫೋಲ್ಡರಿನಲ್ಲಿದ್ದು ಮೂಲದಲ್ಲಿಲ್ಲದ ಎಲ್ಲವನ್ನೂ ಅಳಿಸಿಹಾಕುತ್ತದೆ, ಅದನ್ನು ಖಾಲಿ ಫೋಲ್ಡರಿಗಲ್ಲದೆ ಬಳಸಬೇಡಿ. ಯೂಸರ್ಸ್ ಫೋಲ್ಡರನ್ನು ನಕಲಿಸುವಾಗ 'ಎಕ್ಸ್‌ಜೆ' ಸೇರಿಸದಿದ್ದರೆ ತನ್ನತ್ತಲೇ ಬೆರಳು ತೋರುವ ಹಳೆಯ ಜಂಕ್ಷನ್‌ಗಳಲ್ಲಿ (ಬೇರೆ ಫೋಲ್ಡರಿಗೆ ಕರೆದೊಯ್ಯುವ ಕೊಂಡಿಗಳಲ್ಲಿ) ಸುತ್ತುತ್ತಲೇ ಇರುತ್ತದೆ.

ಫೈಲ್ ಸಿಸ್ಟಮಿನ ಬಗ್ಗೆ ಒಂದು ಮಾತು: ಹೊಸ ಡಿಸ್ಕಿನ ಕಡತಗಳ ವಿಭಾಗವನ್ನು ಎನ್‌ಟಿಎಫ್‌ಎಸ್ ಆಗಿಯೇ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ನಲ್ಲಿ 4 ಜಿಬಿಗೆ ಮೀರಿದ ಕಡತ ಹಿಡಿಯುವುದಿಲ್ಲ, 931 ಜಿಬಿಯ ಇಮೇಜಂತೂ ದೂರದ ಮಾತು. ಲಿನಕ್ಸಿನ ಎಕ್ಸ್ಟ್4 ನಲ್ಲಿ ಕಡತದ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ, ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟು ತೆಗೆದುಕೊಳ್ಳುವುದರಿಂದ ಉದ್ದುದ್ದ ಕನ್ನಡ ಹೆಸರುಗಳಿಟ್ಟವರು ಸುಮಾರು 85 ಸಂಕೇತಗಳಲ್ಲೇ ಗೋಡೆಗೆ ಮುಟ್ಟುತ್ತಾರೆ.

ಡಿ ಡ್ರೈವಿನತ್ತಲೇ ಗಮನ ಹರಿಸಿ ಸಿ ಡ್ರೈವಿನಲ್ಲಿರುವುದನ್ನು ಬಿಟ್ಟುಬಿಡುವುದು ಬಹಳ ಸಾಮಾನ್ಯ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಅಡಗಿರುವ ಆ್ಯಪ್‌ಡೇಟಾ (ತಂತ್ರಾಂಶಗಳ ಸೆಟ್ಟಿಂಗುಗಳಿರುವ ಫೋಲ್ಡರ್), ಔಟ್‌ಲುಕ್ ಬಳಸುತ್ತಿದ್ದರೆ ಡಾಕ್ಯುಮೆಂಟ್ಸ್ ಒಳಗಿನ ಪಿಎಸ್‌ಟಿ (ಇಮೇಲ್ ಸಂಗ್ರಹದ) ಕಡತ ಇವೆಲ್ಲ ಅಲ್ಲಿರುತ್ತವೆ. ಕ್ರೋಮಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ವಿಂಡೋಸಿನ ಬಳಕೆದಾರ ಖಾತೆಯ ಕೀಲಿಗೆ ಕಟ್ಟಿಕೊಂಡಿರುವುದರಿಂದ ಫೋಲ್ಡರನ್ನು ನಕಲಿಸಿದರೂ ಹೊಸ ವಿಂಡೋಸಿನಲ್ಲಿ ತೆರೆದುಕೊಳ್ಳುವುದಿಲ್ಲ. ಹಳೆಯ ವ್ಯವಸ್ಥೆ ಇನ್ನೂ ಆರಂಭವಾಗುತ್ತಿರುವಾಗಲೇ ಸಿಂಕ್ ಅಥವಾ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು. ಫೈರ್‌ಫಾಕ್ಸಿನ ಪ್ರೊಫೈಲ್ ಫೋಲ್ಡರ್ ಮಾತ್ರ ಪಾಸ್‌ವರ್ಡ್ ಸಮೇತ ಬರುತ್ತದೆ. ಒನ್‌ಡ್ರೈವ್ ಬಳಸುವವರ ಡಿಸ್ಕಿನಲ್ಲಿ ಮೋಡದ ಚಿಹ್ನೆ ಇರುವ ಕಡತಗಳಿಗೆ ಹೆಸರಷ್ಟೇ ಇದ್ದು ಒಳಗಿನ ವಿಷಯ ಇರುವುದಿಲ್ಲ.

ಮರುನುಡಿ (ಕಡತಗಳ ಕಂತೆ)

ಮೂವರ ಸಲಹೆಯಂತೆಯೇ ನಡೆದೆ. ಕೇಬಲ್ ಬದಲಾಯಿಸಿದ ಬಳಿಕ ಸಿ7 ಏರಿಲ್ಲ. ಫೋಟೋ ಮತ್ತು ಬರಹಗಳ ಫೋಲ್ಡರುಗಳು ಎರಡು ಉಪಫೋಲ್ಡರುಗಳನ್ನು ಬಿಟ್ಟು ನೇರವಾಗಿಯೇ ಬಂದವು, ಆ ಎರಡು ಇಮೇಜಿನಿಂದ ಸಿಕ್ಕವು. ಡಿಡಿರೆಸ್ಕ್ಯೂ ಕೊನೆಯಲ್ಲಿ 16 ಕೆಬಿಯಷ್ಟನ್ನು ಮಾತ್ರ ಓದಲಾಗಲಿಲ್ಲವೆಂದು ತೋರಿಸಿತು. 'ಫಿಲ್' ವಿಧಾನದಿಂದ ಹುಡುಕಿದಾಗ ಎರಡು ವಿಡಿಯೊಗಳೂ ಒಂದು ಫೋಟೋವೂ ಸಿಕ್ಕಿದವು. ವಿಡಿಯೊಗಳು ಒಂದು ಕ್ಷಣ ತೊದಲಿ ಮುಂದಕ್ಕೆ ಓಡುತ್ತವೆ, ಫೋಟೋದ ಕೆಳಗಿನ ಅರ್ಧ ಬೂದುಬಣ್ಣಕ್ಕೆ ತಿರುಗಿದೆ. ಅದನ್ನು ಉಳಿಸಿಕೊಳ್ಳುವ ದಾರಿಯಿದೆಯೇ? ಹಳೆಯ ಡಿಸ್ಕನ್ನು ಬೇರೊಬ್ಬರು ಕೇಳುತ್ತಿದ್ದಾರೆ. ಕೊಡುವ ಮೊದಲು ಫಾರ್ಮ್ಯಾಟ್ ಮಾಡಿದರೆ ಸಾಕೇ?

ಉತ್ತರ (ಸೆಕ್ಟರ್ ಕಾವಲು)

ಫೋಟೋದ ಮೂಲ ಬಿಂದುಗಳು ಹೋದಂತೆಯೇ. ಜೆಪೆಗ್ ಕಡತವನ್ನು ಮೇಲಿನಿಂದ ಕೆಳಕ್ಕೆ ಬಿಡಿಸಿಕೊಳ್ಳುವುದರಿಂದ ನಡುವೆ ಒಂದು ತುಂಡು ಕಳೆದುಹೋದರೆ ಅನಂತರದ ಭಾಗ ಇದ್ದೂ ಕಾಣದಂತಾಗುತ್ತದೆ, ಜೆಪೆಗ್ ದುರಸ್ತಿ ಮಾಡುವ ತಂತ್ರಾಂಶಗಳು ಕೆಲವೊಮ್ಮೆ ಆ ಭಾಗವನ್ನು ಮತ್ತೆ ಹೊಂದಿಸಿಕೊಡುತ್ತವೆ. ಅದಕ್ಕೂ ಮುನ್ನ ಕಡತದೊಳಗೆ ಅಡಗಿರುವ ಕಿರುಚಿತ್ರವನ್ನು ನೋಡಿ. ಕ್ಯಾಮೆರಾಗಳು ಆರಂಭದಲ್ಲೇ ಒಂದು ಸಣ್ಣ ಪ್ರತಿಯನ್ನು ಸೇರಿಸಿರುತ್ತವೆ, ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಅದನ್ನು ಹೊರತೆಗೆಯಬಲ್ಲದು. ಆ ಫೋಟೋವನ್ನು ಯಾರಿಗಾದರೂ ಕಳುಹಿಸಿದ್ದರೆ ಅವರ ಬಳಿ ಇರುವ ಪ್ರತಿಯೇ ಎಲ್ಲಕ್ಕಿಂತ ಉತ್ತಮ.

ಡಿಸ್ಕನ್ನು ಈಗಲೇ ಕೊಡಬೇಡಿ. ಹೊಸ ವ್ಯವಸ್ಥೆಯಲ್ಲಿ ಕೆಲವು ವಾರ ಕೆಲಸ ಮಾಡಿದ ಮೇಲೆಯೇ ಬಿಟ್ಟುಹೋದ ಫೋಲ್ಡರ್ ನೆನಪಾಗುವುದು. ಈ ಅವಧಿಯಲ್ಲಿ ಆ 240 ಜಿಬಿಯ ಎರಡನೆಯ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ಮಾಡಿಟ್ಟುಕೊಳ್ಳಿ, ಸದ್ಯಕ್ಕೆ ಎಸ್‌ಎಸ್‌ಡಿಯಲ್ಲಿರುವುದು ಒಂದೇ ಪ್ರತಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಕಡತವನ್ನು ಟ್ರಿಮ್ ಆದೇಶ ಬಹುಬೇಗ ಪೂರ್ತಿಯಾಗಿ ಇಲ್ಲವಾಗಿಸುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇದ್ದಂತೆ ಆಮೇಲೆ ಹುಡುಕಿ ತೆಗೆಯುವ ಅವಕಾಶ ಸಾಮಾನ್ಯವಾಗಿ ಸಿಗುವುದಿಲ್ಲ.

ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಸೂಚಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ವಿಂಡೋಸಿನ ಡಿಸ್ಕ್‌ಪಾರ್ಟ್ ಸಾಧನದ 'ಕ್ಲೀನ್ ಆಲ್' ಆದೇಶ ಎಲ್ಲ ಸೆಕ್ಟರುಗಳ ಮೇಲೂ ಸೊನ್ನೆಗಳನ್ನು ಬರೆಯುತ್ತದೆ, ಬರಿಯ 'ಕ್ಲೀನ್' ಎಂದರೆ ವಿಭಾಗಗಳ ಪಟ್ಟಿ ಮಾತ್ರ ಹೋಗುತ್ತದೆ. ಇಂದಿನ ಹಾರ್ಡ್ ಡಿಸ್ಕುಗಳಿಗೆ ಒಂದು ಬಾರಿ ಪೂರ್ತಿಯಾಗಿ ಮೇಲೆ ಬರೆದರೆ ಸಾಕು, ಏಳು ಬಾರಿ, ಮೂವತ್ತೈದು ಬಾರಿ ಎಂಬ ಹಳೆಯ ಸಲಹೆಗಳಿಗೆ ಈಗ ಅರ್ಥವಿಲ್ಲ. ಹೀಗೆ ಬರೆದ ನಂತರ ಸ್ಮಾರ್ಟ್ ವರದಿಯನ್ನು ಮತ್ತೊಮ್ಮೆ ನೋಡಿದರೆ ಸಿ5 ಬಹುಶಃ ಸೊನ್ನೆಗೆ ಇಳಿದಿರುತ್ತದೆ, 05ನೆಯ ಸಾಲು ಏರಿರಬಹುದು. ಅದನ್ನು ಕಂಡು ಡಿಸ್ಕ್ ಗುಣವಾಯಿತೆಂದು ಭಾವಿಸುವಂತಿಲ್ಲ. ಬದಲಿಯಾಗಿ ಹೋದ ಸೆಕ್ಟರುಗಳಲ್ಲಿ ಹಿಂದಿನ ದತ್ತಾಂಶದ ಚೂರುಗಳು ಉಳಿದಿರುತ್ತವೆ, ಅಷ್ಟೂ ಉಳಿಯಬಾರದೆಂದರೆ ಡಿಸ್ಕಿನ ಫರ್ಮ್‌ವೇರಿನಲ್ಲೇ ಇರುವ ಎನ್‌ಹ್ಯಾನ್ಸ್ಡ್ ಸೆಕ್ಯೂರ್ ಇರೇಸ್ ಬಳಸಬೇಕು. ಕೇಳುತ್ತಿರುವವರಿಗೆ ಈ ಸಂಖ್ಯೆಗಳನ್ನು ತೋರಿಸಿ, ಕಳೆದುಹೋದರೂ ನಷ್ಟವಿಲ್ಲದ ಕಡತಗಳನ್ನಷ್ಟೇ ಇಡಬಹುದೆಂದು ಹೇಳಿ ಕೊಡಿ.